ಬೀಗ ಹಾಕಿದ ಕೋಣೆ, ನೀರು ತುಂಬಿದ ಕೆರೆ

ಕಾಲೇಜುಗಳು ಶುರುವಾಗುವ ದಿನಗಳಲ್ಲಿ ಮೈಸೂರಿನ ರೈಲ್ವೆ ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ಅರ್ಧ ಗಂಟೆ ನಿಂತು ನೋಡಿ. ಸುತ್ತಿ ಕಟ್ಟಿದ ಹಾಸಿಗೆ, ಪ್ಲಾಸ್ಟಿಕ್ ಬಕೆಟ್ಟು, ಚಕ್ಕುಲಿ ತುಂಬಿದ ಡಬ್ಬಿ, ಅದರ ಹಿಂದೆ ಒಬ್ಬ ಅಪ್ಪ, ಅಪ್ಪನ ಹಿಂದೆ ಮುಖ ಸಣ್ಣಗೆ ಮಾಡಿಕೊಂಡ ಮಗನೋ ಮಗಳೋ. ಹಿಂದೆ ಟ್ರಂಕು ಇರುತ್ತಿತ್ತು, ಈಗ ಗಾಲಿಯ ಸೂಟ್‌ಕೇಸು ಬಂದಿದೆ. ಬದಲಾದದ್ದು ಅಷ್ಟೇ. ಅಪ್ಪನ ಮುಖದ ಗಾಬರಿ ಹಾಗೇ ಇದೆ.

ನಮ್ಮ ಊರಿನಲ್ಲಿ ಮಹಡಿಯ ಮೇಲೊಂದು ಕೋಣೆ ಕಟ್ಟಿಸಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಅವರಲ್ಲಿ ನಾನೂ ಒಬ್ಬ. ಸರಸ್ವತಿಪುರಂನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಇಷ್ಟು ವರ್ಷಗಳಲ್ಲಿ ಎಷ್ಟು ಮಕ್ಕಳು ಇದ್ದು ಹೋದರೋ ಲೆಕ್ಕ ಇಟ್ಟಿಲ್ಲ. ಆದರೆ ಅವರನ್ನು ಬಿಟ್ಟುಹೋಗಲು ಬಂದ ತಂದೆ ತಾಯಿಗಳೆಲ್ಲ ಗೇಟಿನ ಬಳಿ ಹೇಳಿದ ಮಾತು ಒಂದೇ: “ಸ್ವಲ್ಪ ನೋಡ್ಕೊಳ್ಳಿ ಸಾರ್.” ಏನನ್ನು ನೋಡಿಕೊಳ್ಳಬೇಕೆಂದು ಅವರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಇದೇ ಬಗೆಯವು ಹೆಚ್ಚು. ‘ಮಗನನ್ನು ಮೈಸೂರಿನ ಕಾಲೇಜಿಗೆ ಸೇರಿಸಿದ್ದೇವೆ. ಭಾನುವಾರ ಬಂದರೆ ರೂಮಿನಲ್ಲಿ ಮಲಗಿ ಮೊಬೈಲು ನೋಡುತ್ತಾನೆ. ಅಲ್ಲಿ ನೋಡುವಂಥ ಪಾರ್ಕು, ತೋಟ ಯಾವುವಿವೆ? ಹೊರಗೆ ಹೋದರೆ ಕೆಟ್ಟುಹೋಗುವುದಿಲ್ಲವೆ?’ ಎಂದು ಒಬ್ಬರು ಕೇಳಿದ್ದಾರೆ. ಎರಡು ಪ್ರಶ್ನೆಗಳನ್ನೂ ಒಂದೇ ಉಸಿರಿನಲ್ಲಿ ಕೇಳಿರುವುದರಿಂದ ನಾನೂ ಎರಡಕ್ಕೂ ಕೂಡಿಯೇ ಉತ್ತರಿಸುತ್ತೇನೆ. ಅದಕ್ಕೆ ಮೊದಲು ನಮ್ಮ ಮಹಡಿಯ ಕೋಣೆಯಲ್ಲಿದ್ದ ಒಂದು ಹುಡುಗಿಯ ವಿಷಯ ಹೇಳಬೇಕು.

ಬ್ಯಾಡಗಿ ಕಡೆಯ ಹುಡುಗಿ. ಅಪ್ಪ ಮೆಣಸಿನಕಾಯಿ ಬೆಳೆಯುವ ರೈತ. ಬಿ.ಎಸ್ಸಿ.ಗೆ ಸೇರಿದ್ದಳು. ಮೊದಲ ಎರಡು ತಿಂಗಳು ಆ ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಕಾಲೇಜು, ಕೋಣೆ, ಕೋಣೆ, ಕಾಲೇಜು. ಅವಳ ಮಾತಿನ ಧಾಟಿಗೆ ತರಗತಿಯಲ್ಲಿ ಯಾರೋ ನಕ್ಕರಂತೆ, ಅಂದಿನಿಂದ ಮಾತೇ ನಿಲ್ಲಿಸಿದ್ದಳು. ಊರಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಮುಗಿದ ಮೇಲೆ ಊಟವನ್ನೂ ಅರ್ಧ ನಿಲ್ಲಿಸಿದಳೆಂದು ನಮ್ಮ ಮನೆಯವರು ಕಂಡುಹಿಡಿದರು. ಮೊದಲ ಪರೀಕ್ಷೆಯಲ್ಲಿ ಎರಡು ವಿಷಯ ಹೋಯಿತು. “ಅಂಕಲ್, ಅಪ್ಪಗ ಹೇಳಬ್ಯಾಡ್ರಿ” ಎಂದಳು. ‘ನೋಡ್ಕೊಳ್ಳಿ’ ಎಂದು ಹೇಳಿಸಿಕೊಂಡವನು ಇಂಥ ಹೊತ್ತಿನಲ್ಲಿ ಏನು ಮಾಡಬೇಕು?

ನನಗೆ ತಿಳಿದದ್ದು ಒಂದೇ. ಬೆಳಿಗ್ಗೆ ನಾನು ವಾಕಿಂಗ್ ಹೋಗುವಾಗ ನಮ್ಮ ಮನೆಯವರಿಂದ ಹೇಳಿಸಿ ಅವಳನ್ನೂ ಕರೆದೆ. ಮೂವರೂ ಹೊರಟೆವು. ಚಾಮರಾಜನಗರದ ರೈಲು ಹಳಿ ದಾಟಿದರೆ ಕುಕ್ಕರಹಳ್ಳಿ ಕೆರೆ.

ಮೈಸೂರಿಗೆ ಓದಲು ಬಂದವರು ಮೊದಲು ಅರಮನೆ ನೋಡುತ್ತಾರೆ, ಆಮೇಲೆ ಬೃಂದಾವನ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಈ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಹೊಲಗದ್ದೆಗಳಿಗೂ ಊರಿಗೂ ನೀರಾಗಲೆಂದು ಕಟ್ಟಿಸಿದ್ದು. ಪಶ್ಚಿಮದ ಎತ್ತರದ ನೆಲದಲ್ಲಿ ಬಿದ್ದ ಮಳೆ ಪೂರ್ಣಯ್ಯ ನಾಲೆಯಲ್ಲಿ ಹರಿದು ಇಲ್ಲಿಗೆ ಬರುತ್ತಿತ್ತು. ಈಗ ಕೆರೆಯ ಉಸ್ತುವಾರಿ ಮೈಸೂರು ವಿಶ್ವವಿದ್ಯಾನಿಲಯದ್ದು. ಪಕ್ಕದಲ್ಲೇ 1960ರಲ್ಲಿ ಆರಂಭವಾದ ಮಾನಸಗಂಗೋತ್ರಿ. ಸುತ್ತಲೂ ಮರಗಳ ನೆರಳಿನ ಕಾಲುದಾರಿ. ಒಂದು ಸುತ್ತು ನಾಲ್ಕು ಕಿಲೋಮೀಟರಿನ ಆಸುಪಾಸು. ಹಕ್ಕಿ ನೋಡದೆ ನಡೆದರೆ ಒಂದು ಗಂಟೆ ಬೇಡ, ನೋಡುತ್ತಾ ನಡೆದರೆ ಎರಡು ಗಂಟೆಯೂ ಸಾಲದು.

ನೋಡುವುದಕ್ಕೆ ಎಷ್ಟಿದೆ! ಕೊಕ್ಕಿನ ಕೆಳಗೆ ಚೀಲ ಕಟ್ಟಿಕೊಂಡ ಹೆಜ್ಜಾರ್ಲೆ ದೊಡ್ಡ ದೋಣಿಯ ಗತ್ತಿನಲ್ಲಿ ನೀರಿಗಿಳಿಯುತ್ತದೆ. ನೀರುಕಾಗೆ ಮುಳುಗಿ ಎದ್ದು, ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದು, ಒಗೆದ ಬಟ್ಟೆ ಒಣಗಲು ಹಾಕಿದ ಹಾಗೆ ನಿಂತಿರುತ್ತದೆ. ಹಾವಕ್ಕಿಯ ಕತ್ತು ಮಾತ್ರ ನೀರಿನ ಮೇಲಿದ್ದಾಗ ಹೊಸಬರು ಹಾವೆಂದೇ ಹೆದರುತ್ತಾರೆ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನಾಮಕೋಳಿ, ಮಿಂಚುಳ್ಳಿ. ಸಂಜೆ ಎಲ್ಲರೂ ಗೂಡಿಗೆ ಮರಳುವ ಹೊತ್ತಿಗೆ ‘ಕ್ವಾಕ್’ ಎನ್ನುತ್ತಾ ಕೆಲಸಕ್ಕೆ ಹೊರಡುವ ಇರುಳು ಬಕ, ನಮ್ಮ ರಾತ್ರಿ ಪಾಳಿಯ ನೌಕರರಂತೆ.

ಕುವೆಂಪು ಅವರು ಈ ಕೆರೆಯ ಸುತ್ತ ನಡೆದಾಡುತ್ತಿದ್ದರೆಂಬುದು ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಇನ್ನೊಬ್ಬರ ಕತೆಯನ್ನು ತಂದೆ ತಾಯಿಗಳು ಗಮನಿಸಬೇಕು. ಆರ್.ಕೆ. ನಾರಾಯಣ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದವರು. ತಂದೆ ಇದೇ ಊರಿನಲ್ಲಿ ಪ್ರೌಢಶಾಲೆಯ ಹೆಡ್‌ಮಾಸ್ಟರು. ಹೆಡ್‌ಮಾಸ್ಟರ ಮಗನೇ ಫೇಲು! ಒಂದು ವರ್ಷ ಕಾಲೇಜಿಲ್ಲ. ಆ ವರ್ಷ ಅವರು ಪುಸ್ತಕ ಹಿಡಿದುಕೊಂಡು ಇದೇ ಕೆರೆಯ ಕಡೆಗೆ ಬಂದು ಕೂತು ಓದುತ್ತಿದ್ದುದನ್ನು ತಮ್ಮ ಆತ್ಮಕಥೆ ‘ಮೈ ಡೇಸ್’ನಲ್ಲಿ ನೆನೆದುಕೊಂಡಿದ್ದಾರೆ. ಆಮೇಲೂ ಬಿ.ಎ. ಮುಗಿಸಲು ಬೇರೆಯವರಿಗಿಂತ ಒಂದು ವರ್ಷ ಹೆಚ್ಚೇ ಬೇಕಾಯಿತು. ಕೆರೆ ಸುತ್ತಿದವರೆಲ್ಲ ನಾರಾಯಣ್ ಆಗುತ್ತಾರೆಂದು ನಾನು ಹೇಳುತ್ತಿಲ್ಲ; ಹಾಗೆ ಹೇಳಿದರೆ ನಾಳೆ ಹುಡುಗರೆಲ್ಲ ಫೇಲಾಗಿ ಈ ಅಂಕಣ ತೋರಿಸಿಯಾರು. ಆದರೆ ಎರಡು ವಿಷಯ ಹೋದ ಹುಡುಗಿಗೆ ಈ ಕತೆಯನ್ನು ಕೆರೆಯ ಏರಿಯ ಮೇಲೆ ನಿಂತು ಹೇಳಿದ್ದು ಸುಳ್ಳಲ್ಲ. ಅವಳು ಕೇಳಿದ ಪ್ರಶ್ನೆ: “ಅವರಪ್ಪ ಬೈಲಿಲ್ಲೇನ್ರಿ ಅಂಕಲ್?”

ಮೂರು ನಾಲ್ಕು ವಾರ ಹೀಗೆ ನಡೆಯಿತು. ಆಮೇಲೆ ಅವಳೇ ನಮಗಿಂತ ಮೊದಲು ಎದ್ದು ಕಾಯತೊಡಗಿದಳು. ಕೆರೆಯ ಮೇಲೆ ಬೈನಾಕ್ಯುಲರ್ ಹಿಡಿದು ಓಡಾಡುವ ಹುಡುಗ ಹುಡುಗಿಯರ ಪರಿಚಯವಾಯಿತು. ಒಂದು ನೋಟ್ ಪುಸ್ತಕ ಬಂತು; ತಾರೀಕು, ಹೊತ್ತು, ಹಕ್ಕಿಯ ಹೆಸರು, ಎಷ್ಟು. ‘ಕೆರಿ’, ‘ಕೊಕ್ಕರಿ’ ಎನ್ನುವ ಅವಳ ಧಾಟಿಗೆ ಅಲ್ಲಿ ಯಾರೂ ನಗಲಿಲ್ಲ. ನಕ್ಕರೆ ಹಕ್ಕಿ ಹಾರಿಹೋಗುತ್ತದಲ್ಲ!

ಇನ್ನು ಪತ್ರ ಬರೆದವರು ಕೇಳಿದ ಉಳಿದ ಜಾಗಗಳು. ಎಲ್ಲವನ್ನೂ ಹೇಳಲು ಪುಟ ಸಾಲದು, ನನಗೆ ಇಷ್ಟವಾದವನ್ನು ಹೇಳುತ್ತೇನೆ.

ಚಾಮುಂಡಿ ಬೆಟ್ಟಕ್ಕೆ ನಗರ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ಸು ಹೋಗುತ್ತದೆ. ಅದನ್ನು ಇಳಿಯುವಾಗ ಹಿಡಿಯಿರಿ, ಹತ್ತುವಾಗ ಬೇಡ. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಮೆಟ್ಟಿಲುಗಳು ಒಂದು ಸಾವಿರದಷ್ಟಿವೆ. ಎಣಿಸುತ್ತೇನೆಂದು ಹೊರಟವರ ಲೆಕ್ಕ ಒಬ್ಬರದು ಇನ್ನೊಬ್ಬರಿಗೆ ಕೂಡಿದ್ದನ್ನು ನಾನು ಕಂಡಿಲ್ಲ. ಉಸಿರು ಹತ್ತಿದ ಮೇಲೆ ಗಣಿತ ಉಳಿಯುವುದಿಲ್ಲ. ಕೆಳಗಿನ ಮೆಟ್ಟಿಲುಗಳೇ ಕಡಿದು, ಮೇಲೆ ಹೋದಂತೆ ಸಲೀಸು. ದಾರಿಯಲ್ಲಿ ಕೂತಿರುವ ನಂದಿ ಹದಿನಾರು ಅಡಿ ಎತ್ತರ. ಎಲ್ಲರೂ ನಂದಿಯನ್ನು ನೋಡಿ ಮುಂದೆ ಹೋಗುತ್ತಾರೆ, ಸುತ್ತಲಿನ ಕುರುಚಲು ಕಾಡನ್ನು ಯಾರೂ ನೋಡುವುದಿಲ್ಲ. ಮಳೆಗಾಲ ಕಳೆದ ಮೇಲೆ ಅಲ್ಲಿ ಚಿಟ್ಟೆಗಳ ಸಂತೆ. ಕೋತಿಗಳಿವೆ, ಕೈಯಲ್ಲಿ ತಿಂಡಿಯ ಪೊಟ್ಟಣ ಬೇಡ. ಚಿರತೆಗಳೂ ಇವೆ. ಆದ್ದರಿಂದ ಕತ್ತಲಲ್ಲಿ ಹತ್ತುವ ಸಾಹಸ ಬೇಡ, ಮೆಟ್ಟಿಲು ಬಿಟ್ಟು ಪೊದೆಗಳೊಳಗೆ ಹೋಗುವುದಂತೂ ಬೇಡವೇ ಬೇಡ. 2021ರ ಅಕ್ಟೋಬರಿನ ಮಳೆಗೆ ನಂದಿಯ ಕಡೆಯ ರಸ್ತೆ ಕುಸಿದದ್ದು ನೆನಪಿರಬಹುದು. ದೂರದಿಂದ ಗಟ್ಟಿಯಾಗಿ ಕಾಣುವ ಈ ಬೆಟ್ಟದ ಇಳಿಜಾರಿನ ಮಣ್ಣನ್ನು ಹಿಡಿದಿರುವುದು ಅದೇ ಕುರುಚಲು ಗಿಡಗಳ ಬೇರು.

ಮೃಗಾಲಯವನ್ನು ನಾನು ಹೇಳಬೇಕಾಗಿಲ್ಲ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಆರಂಭಿಸಿದ್ದು, ನೋಡದವರಿಲ್ಲ. ಒಂದೇ ಎಚ್ಚರಿಕೆ: ಮಂಗಳವಾರ ರಜೆ. ಮಕ್ಕಳನ್ನು ನೋಡಲು ಮಂಗಳವಾರವೇ ಬಂದು ಗೇಟಿನ ಮುಂದೆ ಪೆಚ್ಚಾಗುವ ತಂದೆ ತಾಯಿಗಳು ಬೇಕಾದಷ್ಟು ಮಂದಿ. ಅದರ ಬೆನ್ನಿಗೇ ಇರುವ ಕಾರಂಜಿ ಕೆರೆ ಮೃಗಾಲಯದವರ ಉಸ್ತುವಾರಿಯಲ್ಲೇ ಇದೆ, ಅದಕ್ಕೂ ಮಂಗಳವಾರವೇ ರಜೆ. ಒಂದು ಕಾಲಕ್ಕೆ ಚರಂಡಿ ನೀರು ಸೇರಿ ಮೂಗು ಮುಚ್ಚಿಕೊಳ್ಳುವಂತಿದ್ದ ಕೆರೆ ಇದು. ಹೊಲಸು ನೀರನ್ನು ಬೇರೆ ದಾರಿಗೆ ತಿರುಗಿಸಿ, ಹೂಳೆತ್ತಿ ಉಳಿಸಿಕೊಂಡರು. ಈಗ ಒಳಗೆ ನಡೆದೇ ಹೋಗಿ ನೋಡುವಂಥ ದೊಡ್ಡ ಪಕ್ಷಿಮನೆ, ಚಿಟ್ಟೆಗಳ ಉದ್ಯಾನ ಇವೆ. ದಂಡೆಯಲ್ಲೇ 1995ರಿಂದ ಇರುವ ಪ್ರಾಕೃತಿಕ ಇತಿಹಾಸದ ಪ್ರಾದೇಶಿಕ ವಸ್ತುಸಂಗ್ರಹಾಲಯವನ್ನು ಜೀವಶಾಸ್ತ್ರ ಓದುವ ಮಕ್ಕಳು ತಪ್ಪಿಸಿಕೊಳ್ಳಬಾರದು.

ರಾಮಕೃಷ್ಣನಗರದ ಆಚೆ ಲಿಂಗಾಂಬುಧಿ ಕೆರೆ. ಮುಮ್ಮಡಿಯವರ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರು ಹೊತ್ತ, 1828ರ ಕೆರೆ. ಕುಕ್ಕರಹಳ್ಳಿಯಷ್ಟು ಜನ ಇಲ್ಲಿಲ್ಲ, ಹಾಗಾಗಿ ಪುಸ್ತಕ ತಂದು ಓದುವವರಿಗೆ ಇದು ವಾಸಿ. ಹತ್ತಿರದಲ್ಲೇ ತೋಟಗಾರಿಕೆ ಇಲಾಖೆಯ ಸಸ್ಯೋದ್ಯಾನವಿದೆ. ರೈಲ್ವೆ ನಿಲ್ದಾಣದ ಕಡೆ, ಯಾದವಗಿರಿಯಲ್ಲಿ, ಚೆಲುವಾಂಬ ಪಾರ್ಕು. ಅಲ್ಲಿಗೆ ಹೋದವರು ಹತ್ತಿರದ ಆಕಾಶವಾಣಿಯನ್ನೂ ಹೊರಗಿನಿಂದಲಾದರೂ ನೋಡಿ ಬನ್ನಿ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರುಮಾಡಿದ ರೇಡಿಯೋ ಕೇಂದ್ರ ಬೆಳೆದು ಇದಾಯಿತು. ಪಾಠ ಹೇಳುವ ಮೇಷ್ಟರಿಗೂ ಹೀಗೊಂದು ಹುಚ್ಚು ಇರುತ್ತಿದ್ದ ಕಾಲ ಅದು.

ಬೃಂದಾವನಕ್ಕೆ ಒಮ್ಮೆ ಹೋಗಿ ಬನ್ನಿ, ದೀಪ ನೋಡಿ ಬನ್ನಿ, ಸಾಕು. ಅದೇ ಬಸ್ಸಿನ ದುಡ್ಡಿಗೆ ರಂಗನತಿಟ್ಟಿಗೆ ಎರಡು ಸಲ ಹೋಗಿ ಎಂಬುದು ನನ್ನ ಪಕ್ಷಪಾತ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯಿಂದ ಹುಟ್ಟಿದ ನಡುಗಡ್ಡೆಗಳು. ಹಕ್ಕಿಗಳು ಅಲ್ಲಿ ಗೂಡು ಕಟ್ಟುವುದನ್ನು ಕಂಡ ಸಲೀಂ ಅಲಿಯವರು ಮಹಾರಾಜರ ಮನವೊಲಿಸಿ 1940ರಲ್ಲಿ ಪಕ್ಷಿಧಾಮವಾಗಿಸಿದರು. 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಜನವರಿಯಿಂದ ಬೇಸಿಗೆ ಮುಗಿಯುವವರೆಗೆ ಮರಗಳ ಮೇಲೆಲ್ಲ ಬಾಣಂತನ. ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳು. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಪತ್ರಿಕೆಯಲ್ಲಿ ಅಣೆಕಟ್ಟೆಯ ಸುದ್ದಿ ನೋಡಿಕೊಂಡು ಹೊರಡಿ.

ದುಡ್ಡಿಲ್ಲದ ದಿನ ಎಲ್ಲಿಗೆ? ಮಾನಸಗಂಗೋತ್ರಿಯ ರಸ್ತೆಗಳಿಗೆ. ಮಳೆ ನಿಂತ ಮೇಲೆ ಆಕಾಶಮಲ್ಲಿಗೆ ಉದುರಿ ನೆಲ ಬೆಳ್ಳಗಾಗುತ್ತದೆ, ಚಳಿ ಇಳಿಯುವ ಹೊತ್ತಿಗೆ ತಬೂಬಿಯಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಬೇಸಿಗೆಗೆ ಗುಲ್ಮೊಹರ್. ಪರೀಕ್ಷೆ ಹತ್ತಿರ ಬಂತೆಂಬುದನ್ನು ಇಲ್ಲಿಯ ಮಕ್ಕಳು ಮರ ನೋಡಿಯೇ ತಿಳಿಯುತ್ತಾರೆ. ಇದೇ ಊರಿನಲ್ಲಿ 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲ ಮಾಡಲೆಂದು ಹೈದರಾಲಿ ರಸ್ತೆಯ ಸುಮಾರು ನಲವತ್ತು ಮರಗಳನ್ನು ಕಡಿದು ಹಾಕಿದರು. ಆ ಮರಗಳ ಬೊಡ್ಡೆಗಳ ಮುಂದೆ ನಿಂತವರಲ್ಲಿ ವಿದ್ಯಾರ್ಥಿಗಳೂ ಇದ್ದರು.

ಈಗ ಭಾನುವಾರದ ಸಂಗತಿಗೆ ಬರುತ್ತೇನೆ.

ಆ ಹುಡುಗಿಯ ಅಪ್ಪ ರಾತ್ರಿ ರೈಲು ಹಿಡಿದು ಯಾರಿಗೂ ಹೇಳದೆ ಒಂದು ಭಾನುವಾರ ಬೆಳಿಗ್ಗೆ ಬಂದಿಳಿದರು. ತೋಳಿನಲ್ಲಿ ರೊಟ್ಟಿಯ ಗಂಟು. ಮಹಡಿ ಹತ್ತಿ ನೋಡಿದರೆ ಕೋಣೆಗೆ ಬೀಗ. ಇಳಿದು ಬಂದಾಗ ಅವರ ಮುಖ ನೋಡಿ ನಮ್ಮ ಮನೆಯವರು ಕಾಫಿ ಲೋಟ ಹಿಡಿದು ಅಲ್ಲೇ ನಿಂತರು.

“ಎಲ್ಲಿಗ್ ಹೋಗ್ಯಾಳ್ರಿ ಸರ? ಸೂಟಿ ದಿನ. ಇನ್ನಾ ಏಳು ಹೊಡದಿಲ್ಲ.”

“ಕೆರೆಗೆ ಹೋಗಿದ್ದಾಳೆ. ಹಕ್ಕಿ ಎಣಿಸೋದಕ್ಕೆ.”

ಹೇಳಿದ ಮೇಲೆ ಆ ಮಾತು ಎಷ್ಟು ವಿಚಿತ್ರವಾಗಿ ಕೇಳುತ್ತದೆಂದು ನನಗೇ ಅನ್ನಿಸಿತು. ಅವರು ಒಂದು ಗಳಿಗೆ ಸುಮ್ಮನಿದ್ದು ಕೇಳಿದರು: “ಹಕ್ಕಿ ಎಣಸಾಕ ಇಷ್ಟ್ ದೂರ ಕಳಸೇನೇನ್ರಿ ನಾ? ನಮ್ಮ ಹೊಲದಾಗ ಇಲ್ಲೇನು ಹಕ್ಕಿ?”

ಉತ್ತರವಿರಲಿಲ್ಲ. ಅದರ ಹಿಂದೆ ಇನ್ನೊಂದು ಪ್ರಶ್ನೆ ಇತ್ತು, ಅದನ್ನು ಅವರು ದಾರಿಯಲ್ಲಿ ಕೇಳಿದರು. ಹೆಣ್ಣು ಮಗಳು, ಹೊತ್ತು ಮೂಡುವ ಮೊದಲೇ, ನಿರ್ಜನ ಜಾಗಕ್ಕೆ. “ಪೇಪರಿನಾಗ ಓದೀವ್ರಿ ನಾವೂ” ಎಂದರು.

ನಾವೂ ಓದಿದ್ದೆವು. 2021ರ ಆಗಸ್ಟಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ನಡೆದದ್ದನ್ನು ಈ ಊರು ಮರೆತಿಲ್ಲ. ಅದಾದ ಕೆಲವೇ ದಿನಗಳಲ್ಲಿ, ಸಂಜೆ ಆರೂವರೆಯ ಮೇಲೆ ವಿದ್ಯಾರ್ಥಿನಿಯರು ಗಂಗೋತ್ರಿಯಲ್ಲೂ ಕುಕ್ಕರಹಳ್ಳಿ ಕೆರೆಯಲ್ಲೂ ಒಂಟಿಯಾಗಿ ಇರಬಾರದೆಂದು ವಿಶ್ವವಿದ್ಯಾನಿಲಯದ ಸುತ್ತೋಲೆ ಬಂತು. ತಪ್ಪು ಮಾಡಿದವರನ್ನು ಬಿಟ್ಟು ಹುಡುಗಿಯರಿಗೆ ಬೀಗ ಹಾಕುವುದೇನು ನ್ಯಾಯ ಎಂಬ ಮಾತು ಎದ್ದ ಮೇಲೆ ವಾಪಸಾಯಿತು. ಆ ಮಾತು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಬ್ಯಾಡಗಿಯಿಂದ ರಾತ್ರಿಯಿಡೀ ಕೂತು ಬಂದು ಬೀಗ ನೋಡಿದ ಅಪ್ಪನಿಗೆ ‘ನಿಮ್ಮ ಭಯ ಸುಳ್ಳು’ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅದು ಸುಳ್ಳೂ ಅಲ್ಲ. ಹಾಗಾಗಿ ನಾವು ಪಾಲಿಸುತ್ತಿದ್ದ ಕ್ರಮವನ್ನಷ್ಟೇ ಹೇಳಿದೆ: ಬೆಳಕು ಹರಿದ ಮೇಲೆಯೇ ಹೊರಡುವುದು, ನಾಲ್ಕೈದು ಮಂದಿ ಕೂಡಿ ಹೋಗುವುದು, ವಾಕಿಂಗಿನವರು ಓಡಾಡುವ ದಾರಿ ಬಿಟ್ಟು ಅಡ್ಡ ಹೋಗದಿರುವುದು, ಎಲ್ಲಿದ್ದೇವೆಂದು ಮನೆಯಲ್ಲಿ ಒಬ್ಬರಿಗೆ ತಿಳಿದಿರುವುದು. ಅವಳು ಅಂದು ನಮ್ಮ ಮನೆಯವರಿಗೆ ಹೇಳಿಯೇ ಹೋಗಿದ್ದಳು. ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಎರಡು ವಿಷಯ ಹೋದದ್ದನ್ನೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನಡೆಯುತ್ತಾ ನನಗೆ ಕಾಡಿದ್ದು ಅದು.

ಕೆರೆಯ ಗೇಟು ದಾಟಿ ಏರಿಯ ಮೇಲೆ ಬಂದಾಗ ಅವರು ನಿಂತುಬಿಟ್ಟರು. ಮಗಳನ್ನು ಹುಡುಕುತ್ತಿದ್ದಾರೆಂದುಕೊಂಡೆ. ಅಲ್ಲ, ನೀರು ನೋಡುತ್ತಿದ್ದರು. ಮಳೆಯನ್ನೇ ನಂಬಿದ ನೆಲದ ರೈತ ಅಷ್ಟು ನೀರನ್ನು ಒಂದೇ ಕಡೆ ಕಂಡಾಗ ನೋಡುವ ನೋಟವೇ ಬೇರೆ. ಏರಿಯ ಮಣ್ಣನ್ನು ಕಾಲಿನಿಂದ ಒತ್ತಿದರು. “ಹಳೇ ಕಟ್ಟಡ” ಎಂದರು. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ: ತೂಬು ಎಲ್ಲಿದೆ? ಕೋಡಿ ಯಾವ ಕಡೆ? ಕೋಡಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಅಚ್ಚುಕಟ್ಟು ಎಷ್ಟು?

ಅಚ್ಚುಕಟ್ಟು! ಅದರ ಮೇಲೆಯೇ ಬಡಾವಣೆಗಳು ಎದ್ದಿವೆ ಸ್ವಾಮಿ, ನಾನು ಮನೆ ಕಟ್ಟಿಕೊಂಡಿರುವುದೂ ಕೆರೆಯ ಕೆಳಗಿನ ನೆಲದಲ್ಲೇ ಎಂದು ಹೇಳುವಾಗ ಸ್ವಲ್ಪ ನಾಚಿಕೆಯಾಯಿತು. ಇಷ್ಟು ವರ್ಷ ಸುತ್ತಿದ್ದೇನೆ, ತೂಬಿನ ಬಗ್ಗೆ ಯೋಚಿಸಿದವನಲ್ಲ. ನಮ್ಮ ದಸರಾ ವಸ್ತುಪ್ರದರ್ಶನ ನಡೆಯುವ ಜಾಗದ ಹೆಸರು ದೊಡ್ಡಕೆರೆ ಮೈದಾನ. ಅಲ್ಲಿ ಹಪ್ಪಳ ತಿನ್ನುವವರಲ್ಲಿ ‘ಕೆರೆ ಎಲ್ಲಿ ಹೋಯಿತು’ ಎಂದು ಕೇಳುವವರೇ ಇಲ್ಲ.

ಅಷ್ಟರಲ್ಲಿ ಅವರ ಕಣ್ಣು ದಂಡೆಯ ಅಂಚಿಗೆ ಹೋಯಿತು. ಹಸಿರು ಬಣ್ಣದ ಪಾಚಿ, ಅದರ ನಡುವೆ ಹೊಟ್ಟೆ ಮೇಲಾಗಿ ತೇಲುತ್ತಿದ್ದ ನಾಲ್ಕೈದು ಮೀನು. “ಈ ನೀರು ಎಲ್ಲಿಂದ ಬರತೈತ್ರಿ ಸರ?”

ನಾನು ಪೂರ್ಣಯ್ಯ ನಾಲೆಯ ಇತಿಹಾಸ ತೆಗೆಯುವುದರಲ್ಲಿದ್ದೆ. ಹಿಂದಿನಿಂದ ದನಿ ಬಂತು: “ಅಪ್ಪಾ!”

ಕೈಯಲ್ಲಿ ನೋಟ್ ಪುಸ್ತಕ, ಕತ್ತಿಗೆ ಯಾರದೋ ಬೈನಾಕ್ಯುಲರ್, ಮುಖದಲ್ಲಿ ರಕ್ತವೇ ಇಲ್ಲ. ಜೊತೆಯ ಮೂವರು ಹುಡುಗಿಯರು, ಇಬ್ಬರು ಹುಡುಗರು ದೂರ ನಿಂತರು. ಆ ಹುಡುಗರಿಬ್ಬರನ್ನು ಅಪ್ಪ ತೂಕ ಹಾಕುವಂತೆ ನೋಡಿದರು. ಯಾರೂ ಮಾತಾಡಲಿಲ್ಲ. ಕೊನೆಗೆ ಅವರೇ ಮೀನಿನ ಕಡೆ ಕೈತೋರಿಸಿ, ಬಯ್ಗುಳವೋ ಪ್ರಶ್ನೆಯೋ ತಿಳಿಯದ ದನಿಯಲ್ಲಿ, “ಇವು ಯಾಕ್ ಸತ್ತಾವ ಯವ್ವಾ?” ಎಂದರು.

ಎರಡು ತಿಂಗಳು ತರಗತಿಯಲ್ಲಿ ಬಾಯಿ ತೆರೆಯದ ಹುಡುಗಿ ಹೇಳಿದಳು. ಮಳೆನೀರು ಬರುವ ದಾರಿಗಳಲ್ಲಿ ಮನೆಗಳ ಬಚ್ಚಲ ನೀರೂ ಸೇರಿ ಬರುತ್ತದೆ. ಅದರಲ್ಲಿ ಸಾಬೂನಿನದು, ಹೊಲಸಿನದು ಎಲ್ಲ ಸಾರವಿರುತ್ತದೆ. ನಿಮ್ಮ ಹೊಲಕ್ಕೆ ಯೂರಿಯಾ ಹಾಕಿದ ಹಾಗೆ ಅದನ್ನು ಉಂಡು ಪಾಚಿ ಬೆಳೆಯುತ್ತದೆ. ಹಗಲು ಬಿಸಿಲಿದ್ದಾಗ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಬಿಸಿಲಿಲ್ಲ, ಆಗ ಅದೂ ಉಸಿರಾಡುವುದಕ್ಕೆ ನೀರಿನಲ್ಲಿರುವ ಆಮ್ಲಜನಕವನ್ನೇ ಎಳೆದುಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗಲೂ ಅಷ್ಟೇ. ಅದಕ್ಕೇ ಬೆಳಗಿನ ಜಾವ ಆಮ್ಲಜನಕ ತೀರಾ ಕಡಿಮೆಯಾಗಿ ಮೀನು ಬಾಯಿ ಬಾಯಿ ಬಿಡುತ್ತವೆ. “ಅದಕ್ಕ ನಸುಕಿನ್ಯಾಗ ಬರ್ತೀವಪ್ಪಾ. ಹೊತ್ತೇರಿದ ಮ್ಯಾಲ ಬಂದರ ನೀರು ಚಲೋ ಇದ್ದಂಗ ಕಾಣತೈತಿ.”

ನೋಟ್ ಪುಸ್ತಕ ಬಿಚ್ಚಿ ತೋರಿಸಿದಳು. ಯಾವ ವಾರ ಸತ್ತ ಮೀನು ಎಷ್ಟು, ಪಾಚಿ ಯಾವ ಮೂಲೆಯಲ್ಲಿ, ಹೆಜ್ಜಾರ್ಲೆ ಎಷ್ಟು. ಅವರು ಓದು ಹೆಚ್ಚು ಬಲ್ಲವರಲ್ಲ, ಆದರೆ ಅಂಕಣ ಹಾಕಿ ಬರೆದ ಲೆಕ್ಕ ಅವರಿಗೆ ಗೊತ್ತು; ಮೆಣಸಿನಕಾಯಿ ಪೇಟೆಯಲ್ಲಿ ಚೀಲಗಳ ಲೆಕ್ಕ ಬರೆಸಿದವರು. ಪುಟದ ಮೇಲೆ ಬೆರಳಾಡಿಸಿದರು.

ಅಲ್ಲೇ ಒಂದು ಕಲ್ಲು ಬೆಂಚಿನ ಮೇಲೆ ಕೂತು ಅವಳು ಉಳಿದದ್ದನ್ನೂ ಹೇಳಿದಳು, ಎರಡು ವಿಷಯಗಳದ್ದನ್ನು. ನಾನು ದೂರ ಸರಿದು ನೀರುಕಾಗೆ ನೋಡುತ್ತಾ ನಿಂತೆ. ಅಪ್ಪ ಏನೆಂದರೋ ಕೇಳಿಸಲಿಲ್ಲ. ಬಹಳ ಹೊತ್ತು ಏನೂ ಅನ್ನಲಿಲ್ಲವೆಂದು ಕಾಣುತ್ತದೆ. ಹಿಂದಿರುಗುವಾಗ ನನ್ನನ್ನು ಮಾತ್ರ ಕೇಳಿದರು, “ನಿಮಗ ಗೊತ್ತಿತ್ತೇನ್ರಿ ಸರ?” ಗೊತ್ತಿತ್ತು ಎಂದೆ. “ಹೇಳಬೇಕಿತ್ತ್ರಿ” ಎಂದರು. ಅದು ನ್ಯಾಯವಾದ ಮಾತು, ಒಪ್ಪಿಕೊಂಡೆ. ಈಗ ಕೋಣೆಗೆ ಯಾರು ಬಂದರೂ ಮೊದಲ ದಿನವೇ ಅಪ್ಪ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಹೇಳಿಬಿಡುತ್ತೇನೆ: ನನಗೆ ತಿಳಿದದ್ದು ಮನೆಗೆ ತಿಳಿಯುತ್ತದೆ, ಆದರೆ ಮೊದಲು ಹೇಳುವ ಅವಕಾಶ ನಿನ್ನದು.

ಅಪ್ಪ ಮಗಳ ನಡುವೆ ಆ ದಿನ ಒಪ್ಪಂದವೊಂದಾಯಿತು. ವಾರಕ್ಕೆ ಎರಡೇ ದಿನ ಕೆರೆ. ಹೋಗುವಾಗ ಒಂದು ಫೋನು, ಬಂದ ಮೇಲೆ ಒಂದು ಫೋನು. ಹೋದ ಎರಡು ವಿಷಯ ಮುಂದಿನ ಸಲ ಪಾಸಾಗಬೇಕು, ಇಲ್ಲದಿದ್ದರೆ ನೋಟ್ ಪುಸ್ತಕ ಬ್ಯಾಡಗಿಗೆ! ಒಂದು ಪಾಸಾಯಿತು, ಇನ್ನೊಂದು ಮತ್ತೊಮ್ಮೆ ಹೋಯಿತು. ಆದರೂ ನೋಟ್ ಪುಸ್ತಕ ಇಲ್ಲೇ ಉಳಿಯಿತು. ಆ ಬಗ್ಗೆ ಅವರಿಬ್ಬರಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ.

ಸಂಜೆಯ ರೈಲಿಗೆ ಅವರನ್ನು ಬಿಡಲು ಹೋದಾಗ ಇನ್ನೂ ಅರ್ಧ ಗಂಟೆ ಸಮಯವಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, ಬೆಳಗಿನಿಂದ ತಲೆಯಲ್ಲಿ ಉಳಿದಿದ್ದುದನ್ನು ಮತ್ತೆ ತೆಗೆದರು. “ಬಚ್ಚಲ ನೀರು ಬ್ಯಾರೆ ಪೈಪಿಗೆ ತಿರುವಿದರ ಆತಲ್ರಿ. ಯಾರ್ ಕೇಳಬೇಕ್ ಇದನ್ನ?” ವಿಶ್ವವಿದ್ಯಾನಿಲಯ, ಪಾಲಿಕೆ, ಇನ್ನೂ ಯಾರ್‍ಯಾರೋ ಸೇರಿ ಆಗಬೇಕಾದ ಕೆಲಸ, ಹಿಂದೆ ಒಂದಷ್ಟು ಆಗಿದೆ, ಊರು ಬೆಳೆದ ಹಾಗೆ ಮತ್ತೆ ಬರುತ್ತಿದೆ ಎಂದು ವಿವರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ.

ಈಗಲೂ ಆಗಾಗ ಫೋನು ಮಾಡುತ್ತಾರೆ. ಮಗಳು ಓದು ಮುಗಿಸಿ ಕೋಣೆ ಬಿಟ್ಟು ಎಷ್ಟೋ ದಿನವಾಯಿತು. ಮೊನ್ನೆ ಮಾತಾಡಿದಾಗಲೂ ಮಳೆ ಹೇಗೆ, ಮನೆಯವರು ಹೇಗಿದ್ದಾರೆ ಎಂದು ಕೇಳಿ, ಮೆಣಸಿನಕಾಯಿಯ ದರ ಹೇಳಿ, ಇನ್ನೇನು ಇಡಬೇಕು ಎನ್ನುವಾಗ ಕೇಳಿದರು: “ಕೆರಿ ಕೋಡಿ ಬಿತ್ತೇನ್ರಿ ಸರ ಈ ಸಲ?”

ನೋಡಿ ಬಂದು ಹೇಳುತ್ತೇನೆ ಎಂದೆ.